ಸೆರಗಿನ ಗಂಟಿನ ಎರಡು ಕಾಳು

ಅಕ್ಕೋರ ಸೆರಗಿನ ತುದಿಯಲ್ಲಿ ಯಾವಾಗಲೂ ಒಂದು ಸಣ್ಣ ಗಂಟು ಇರುತ್ತಿತ್ತು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಒಂದು ನಿರಿಗೆಯೂ ಆಚೀಚೆ ಸರಿದಿರುತ್ತಿರಲಿಲ್ಲ. ಆದರೆ ಸೆರಗಿನ ಆ ಮೂಲೆ ಮಾತ್ರ ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಮುದುಡಿಹೋಗಿತ್ತು. ಅವರು ಗಾಣಗಾಪುರದಿಂದ ಬರುವವರಾದ್ದರಿಂದ ಅದರಲ್ಲಿ ದತ್ತನ ಗುಡಿಯ ಅಂಗಾರ ಇರಬೇಕು ಎಂದು ನಾನು ತಿಳಿದಿದ್ದೆ. ನಾನು ನೌಕರಿಗೆ ಸೇರಿದ ಮೂರನೇ ದಿನ ಅವರು ನನ್ನ ಎದುರು ಕುಳಿತು, ಚಷ್ಮಾ ಏರಿಸಿ, ಹಲ್ಲಿನಿಂದ ಗಂಟು ಸಡಿಲಿಸಿ, ನಾನು ಪ್ರಿಂಟ್ ತೆಗೆದು ತಂದಿದ್ದ ಕೋಡಿನ ಹಾಳೆಯ ಮೇಲೆ ಸೆರಗು ಕೊಡವಿದರು. ಬಿದ್ದದ್ದು ಎರಡು ಕಾಳು. ಒಂದು ಕೆಂಪು ತೊಗರಿ, ಒಂದು ಬಿಳಿಜೋಳ.

"ಇದು ಒಂದು ಕೆಲಸ, ಇದು ಇನ್ನೊಂದು ಕೆಲಸ. ಈಗ ನಿನ್ನ ಕೋಡ್ ಓದು ತಂಗಿ. ಸಾವಕಾಶ ಓದು, ನನಗೇನು ಬಸ್ ಅವಸರ ಇಲ್ಲ," ಎಂದರು.

ನನಗೆ ನಗು ಬಂತು. ಎಂಜಿನಿಯರಿಂಗ್ ಓದಿ ಬಂದವಳು ನಾನು. ನನ್ನ ಹಿರೋಳ್ಳಿಯ ಮನೆಯಲ್ಲಿ ಅಮ್ಮ ಕಾಳು ಆರಿಸುವಾಗಲೂ ನಾನು ಹತ್ತಿರ ಕೂತವಳಲ್ಲ. ಇಲ್ಲಿ ಆಪರೇಟಿಂಗ್ ಸಿಸ್ಟಮ್ ಬರೆಯಲು ಬಂದು ಕಾಳು ಎಣಿಸಬೇಕೇ ಎಂದುಕೊಂಡೆ. ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ ಅನ್ನುವುದೊಂದೇ ನನ್ನ ಪುಣ್ಯ.

ನಮ್ಮ ಕಂಪನಿ ಅಂದರೆ ಅಫಜಲಪುರದಲ್ಲಿ ಪೈಪು ಮಾರುವ ಅಂಗಡಿಯೊಂದರ ಮಾಳಿಗೆಯ ಮೇಲಿನ ಮೂರು ಕೋಣೆ. ಮಾಲಕರು ಮೊದಲು ರೈತರ ಮೋಟಾರುಗಳಿಗೆ ಸ್ಟಾರ್ಟರ್ ಮಾಡಿ ಮಾರುತ್ತಿದ್ದರು. ಆಮೇಲೆ ಊರಿನ ನೀರಿನ ಟ್ಯಾಂಕು ತುಂಬಿದೆಯೋ ಇಲ್ಲವೋ ನೋಡಿಕೊಂಡು ಮೋಟಾರನ್ನು ತಾನೇ ಚಾಲು, ತಾನೇ ಬಂದ್ ಮಾಡುವ ಡಬ್ಬಿ ತಯಾರಿಸತೊಡಗಿದರು. ಆ ಡಬ್ಬಿಯೊಳಗೆ ಅಂಗೈಯಗಲದ ಬೋರ್ಡು, ಅದರಲ್ಲಿ ನಮ್ಮದೇ ಪುಟ್ಟ ಆಪರೇಟಿಂಗ್ ಸಿಸ್ಟಮ್. ಟ್ಯಾಂಕಿನ ಮಟ್ಟ ನೋಡುವುದು ಒಂದು ಕೆಲಸ, ಮೋಟಾರು ನೋಡಿಕೊಳ್ಳುವುದು ಇನ್ನೊಂದು ಕೆಲಸ, ಕರೆಂಟು ಹೋಗಿ ಬಂದದ್ದನ್ನು ಗಮನಿಸುವುದು ಮತ್ತೊಂದು. ಎಲ್ಲವೂ ಒಟ್ಟೊಟ್ಟಿಗೆ ನಡೆಯುತ್ತಿರಬೇಕು, ಒಂದರ ಕಾಲನ್ನು ಒಂದು ತುಳಿಯಬಾರದು. ಆ ಸರದಿ ಹಚ್ಚುವ ಕೋಡನ್ನು ಬಹಳ ವರ್ಷಗಳ ಹಿಂದೆ ಯಾರ್ಯಾರೋ ಬರೆದು, ಬಿಟ್ಟು ಹೋಗಿದ್ದರು.

ನನಗೆ ಕೊಟ್ಟದ್ದು ಆ ಹಳೆಯ ಕೋಡನ್ನು ಚೊಕ್ಕ ಮಾಡುವ ಕೆಲಸ. ಹೊಸದಾಗಿ ಏನನ್ನೂ ಬರೆಯುವಂತಿಲ್ಲ. ಸಾಲುಗಳ ಅಂಚು ಸರಿಪಡಿಸು, ಹೆಸರುಗಳನ್ನು ಅರ್ಥವಾಗುವಂತೆ ಬದಲಿಸು, ಹಾಳು ಕಮೆಂಟುಗಳನ್ನು ತೆಗೆ, ಬೇಕಾದವನ್ನು ಬರೆ. ಕಮೆಂಟು ಅಂದರೆ ಕೋಡಿನ ನಡುನಡುವೆ ಮನುಷ್ಯರು ಮನುಷ್ಯರಿಗಾಗಿ ಬರೆದಿಡುವ ಮಾತು. ಯಂತ್ರ ಅದನ್ನು ಓದುವುದಿಲ್ಲ. ಆರು ತಿಂಗಳು ಕಚ್ಚಾ ನೌಕರಿ, ಆಮೇಲೆ ನೋಡೋಣ ಎಂದಿದ್ದರು ಮಾಲಕರು. ನನ್ನ ಸಂಗಡ ಓದಿದವರೆಲ್ಲ ಪುಣೆಯ ಬಸ್ಸು ಹತ್ತಿದ್ದರು. ನಮ್ಮೂರಿನಿಂದ ಪುಣೆಗೆ ಹೋಗುವುದು ಸಲೀಸು. ನಾನು ಮಾತ್ರ, ನಮ್ಮ ಜಿಲ್ಲೆಯಲ್ಲೇ ಇಂಥ ಕೆಲಸ ಸಿಕ್ಕಿದೆ, ನಾನೆಲ್ಲೂ ಹೋಗುವುದಿಲ್ಲ ಎಂದು ಊರಿಗೆಲ್ಲ ಸಾರಿದ್ದೆ. ಆ ಆರು ತಿಂಗಳು ದಾಟದಿದ್ದರೆ ನನಗೆ ಮುಖ ತೋರಿಸಲು ಜಾಗ ಇರಲಿಲ್ಲ.

ಅಕ್ಕೋರು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಮಾಲಕರು ಅವರ ಶಿಷ್ಯರು. ಡಬ್ಬಿಯ ಕೋಡನ್ನು ಮೊದಲು ಬರೆದ ತಂಡದಲ್ಲಿ ಅಕ್ಕೋರೂ ಇದ್ದರಂತೆ, ರಜೆಯ ದಿನಗಳಲ್ಲಿ ಬಂದು ಬರೆದುಕೊಡುತ್ತಿದ್ದರಂತೆ. ನಿವೃತ್ತಿಯ ನಂತರ ಗಂಡ ಹೆಂಡತಿ ಗಾಣಗಾಪುರದಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದರು. "ನಮ್ಮ ಯಜಮಾನರಿಗೆ ದತ್ತನ ಸೇವಾ ಬೇಕು, ನನಗ ಅಫಜಲಪುರದ ಬಸ್ ಬೇಕು. ಇಬ್ಬರಿಗೂ ಅನುಕೂಲ ಆಗ್ಯಾದ," ಎನ್ನುತ್ತಿದ್ದರು. ವಾರದಲ್ಲಿ ಮೂರು ದಿನ ಬಂದು ನಾನು ತಿದ್ದಿದ್ದನ್ನೆಲ್ಲ ಪರೀಕ್ಷಿಸುವುದು ಅವರ ಕೆಲಸ. ಅವರು ಸರಿ ಎಂದ ಮೇಲೆಯೇ ಅದು ಡಬ್ಬಿಗೆ ಹೋಗಬೇಕು.

ಅವರ ಪರೀಕ್ಷೆಯ ಕ್ರಮ ಕಾಳಿನದು. ಪ್ರಿಂಟಾದ ಹಾಳೆಯ ಮೇಲೆ ಒಂದು ಕೆಲಸಕ್ಕೆ ತೊಗರಿ, ಇನ್ನೊಂದಕ್ಕೆ ಜೋಳ. ನಾನು ಓದಬೇಕು, ಅವರು ತೋರುಬೆರಳಿನಿಂದ ಕಾಳು ಸರಿಸಬೇಕು. ತೊಗರಿ ಒಂದು ಸಾಲು ಮುಂದೆ ಹೋದರೆ, "ತಡಿ. ಇಲ್ಲೇ ಇದರ ಸರದಿ ಮುಗೀತು ಅಂತ ತಿಳಿ. ಈಗ ಜೋಳ ಎಬ್ಬಿಸು," ಎನ್ನುವರು. ಜೋಳ ಎರಡು ಸಾಲು ನಡೆಯಿತು. ಮತ್ತೆ ತೊಗರಿ. ಯಾವುದು ಯಾವ ಗಳಿಗೆಯಲ್ಲಿ ನಿಲ್ಲುತ್ತದೆ, ಇನ್ನೊಂದು ಎಲ್ಲಿ ನುಗ್ಗುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲವಾದ್ದರಿಂದ ಪ್ರತಿಯೊಂದು ಸಾಲಿನಲ್ಲೂ ಒಮ್ಮೆ ನಿಲ್ಲಿಸಿ ನೋಡಬೇಕು. ಮೊದಲ ವಾರ ನನಗೆ ತೂಕಡಿಕೆ ಬರುತ್ತಿತ್ತು. ಎರಡನೇ ವಾರ ತೊಗರಿ ಕಾಳೊಂದು ನಾನು ಸರಿಯಿದೆ ಎಂದು ಆಣೆ ಮಾಡಿದ್ದ ಜಾಗದಲ್ಲಿ ಹೋಗಿ ಸಿಕ್ಕಿಬಿದ್ದಾಗ ತೂಕಡಿಕೆ ಬಿಟ್ಟುಹೋಯಿತು.

ಕಾಳುಗಳನ್ನು ಅವರು ಪ್ರತಿ ವರ್ಷ ಬದಲಿಸುತ್ತಿದ್ದರು. ಮಟಕಿಯಲ್ಲಿ ಅವರ ಗಂಡನ ಮನೆಯ ಹೊಲ ಇತ್ತು, ಮೈದುನ ನೆಗೆಣ್ಣಿ ಉಳುಮೆ ನೋಡಿಕೊಂಡಿದ್ದರು. ರಾಶಿಯ ಹೊತ್ತಿಗೆ ಅಲ್ಲಿಗೆ ಹೋಗಿ, ಬರುವಾಗ ಹೊಸ ತೊಗರಿ ಒಂದು, ಹೊಸ ಜೋಳ ಒಂದು ಸೆರಗಿಗೆ ಕಟ್ಟಿಕೊಂಡು ಬರುವರು. "ಹಳೀ ಕಾಳಿಗೆ ಹುಳ ಬೀಳ್ತಾವ ತಂಗಿ. ಹಳೀ ಕಮೆಂಟಿಗೂ ಹಂಗ," ಎಂದು ನಗುತ್ತಿದ್ದರು.

ಹಳೆಯ ಕಮೆಂಟುಗಳ ವಿಷಯದಲ್ಲಿ ಅವರು ನಿಜಕ್ಕೂ ಕಟುಕಿ. ನಮ್ಮ ಕೋಡಿನಲ್ಲಿ ಎಂತೆಂಥವು ಇದ್ದವು ಅಂತೀರಿ. 'ಇಲ್ಲಿ ಒಂದನ್ನು ಕೂಡಿಸುತ್ತೇವೆ' ಎಂದು ಬರೆದು, ಕೆಳಗಿನ ಸಾಲಿನಲ್ಲಿ ಒಂದನ್ನು ಕೂಡಿಸಿದ್ದರು. ಅಕ್ಕೋರು ಅದನ್ನು ನೋಡಿ, "ಉಪ್ಪಿನ ಡಬ್ಬಿ ಮ್ಯಾಲ ಇದು ಡಬ್ಬಿ ಅಂತ ಚೀಟಿ ಅಂಟಿಸ್ಯಾರ ನೋಡು. ಡಬ್ಬಿ ಅನ್ನೋದು ಕಣ್ಣಿಗೆ ಕಾಣ್ತದ. ಒಳಗ ಉಪ್ಪದನೋ ಸೋಡಾ ಅದನೋ, ಅದನ್ನ ಬರೀಬೇಕು," ಎಂದರು. ಇನ್ನೊಂದು ಕಡೆ, 'ಇದು ತಾತ್ಕಾಲಿಕ, ಮುಂದಿನ ವಾರ ಸರಿಮಾಡುತ್ತೇನೆ' ಎಂದಿತ್ತು. ಕೆಳಗೆ ಹೆಸರು ಹಾಕಿಕೊಂಡಿದ್ದವನಿಗೆ ಈಗ ಇಬ್ಬರು ಮಕ್ಕಳು, ಸೊಲ್ಲಾಪುರದಲ್ಲಿ ಸ್ವಂತ ಮನೆ. ಆ ಮುಂದಿನ ವಾರ ಇನ್ನೂ ಬಂದಿರಲಿಲ್ಲ.

ಕಾಯುವ ಕೆಲಸಗಳ ಪಾಳಿ ಇಡುವ ಒಂದು ಪಟ್ಟಿಗೆ ಹೆಣ್ಣುಮಗಳೊಬ್ಬಳ ಹೆಸರಿತ್ತು. ಅಕ್ಕೋರು ಹಾಳೆಯಿಂದ ತಲೆ ಎತ್ತಿ, "ಯಾರಿಕಿ?" ಎಂದು ಕೇಳಿದರು. ಆಗಲೇ ಒಳಗೆ ಬಂದ ಮಾಲಕರು ಕೆಂಪಗಾಗಿ, "ಅದು... ನಮ್ಮ ಮದುವಿ ಆಗೂಕಿಂತ ಮೊದಲ ಬರೆದದ್ದರಿ ಅಕ್ಕೋರೆ," ಎಂದರು. ಅಕ್ಕೋರು ನಗಲಿಲ್ಲ. "ಮದುವಿ ಆತಲ್ಲೋ. ಇನ್ನ ಆಕೀನ್ನ ಪಾಳಿಯಾಗ ಯಾಕ ನಿಂದರಿಸೀದಿ?" ಎಂದು ಹೇಳಿ, ಆ ಹೆಸರನ್ನು ಪೆನ್ಸಿಲಿನಿಂದ ಹೊಡೆದುಹಾಕಿದರು. ಮಾಲಕರು ಬಂದ ಕೆಲಸ ಮರೆತು ಹಾಗೇ ಹೊರಗೆ ಹೋದರು.

ಇನ್ನೊಂದು ಕಟ್ಟುನಿಟ್ಟು ಅವರದು. ಕಮೆಂಟಿನಲ್ಲಿ ಯಾರ ಹೆಸರನ್ನೂ ಬರೆಯಬಾರದು. ತಿದ್ದಿದವರು ಇಂಥವರು, ಕಂಡುಹಿಡಿದವರು ಇಂಥವರು ಎಂದು ಹಳಬರು ಬರೆದುಕೊಂಡಿದ್ದನ್ನೆಲ್ಲ ಹುಡುಕಿ ತೆಗೆಸಿದರು. ನಾನು ಯಾಕೆ ಎಂದು ಕೇಳಿದ್ದಕ್ಕೆ, "ಹೆಸರು ಬರದ ಮ್ಯಾಲ ಮನಷ್ಯಾಗ ಸಮಾಧಾನ ಆಗಿಬಿಡ್ತದ ಬೇ. ಕಾರಣ ಬರಿಯೋದು ಮರೀತಾನ. ನಾಳೆ ಓದಾಂವಗ ನೀ ಯಾರು ಅನ್ನೋದು ತಗೊಂಡು ಏನು ಮಾಡೋದದ? ಯಾಕ ಹಿಂಗ ಮಾಡೀದಿ, ಅದು ಬೇಕು," ಎಂದರು.

ಮಧ್ಯಾಹ್ನ ಅವರ ಬುತ್ತಿ ಬಿಚ್ಚುವುದನ್ನು ನಾನು ಕಾಯುತ್ತಿದ್ದೆ. ಪರೀಕ್ಷೆ ಮುಗಿದ ಹಾಳೆಗಳನ್ನು ಅವರು ಬಿಸಾಡುತ್ತಿರಲಿಲ್ಲ, ಅವುಗಳಲ್ಲೇ ರೊಟ್ಟಿ ಸುತ್ತಿಕೊಂಡು ಬರುತ್ತಿದ್ದರು. ನಾನು ವಾರಗಟ್ಟಲೆ ಹೆಣಗಿದ ಕೋಡು ಶೇಂಗಾ ಹಿಂಡಿ ಚಟ್ನಿಯ ಎಣ್ಣೆ ಕುಡಿದು ನನ್ನೆದುರೇ ಬಿಚ್ಚಿಕೊಳ್ಳುತ್ತಿತ್ತು. ಒಮ್ಮೆ ಊಟದ ನಡುವೆ ಆ ಎಣ್ಣೆ ಹಾಳೆಯಲ್ಲೇ ನನ್ನ ತಪ್ಪೊಂದನ್ನು ಹಿಡಿದು, ಎಂಜಲು ಕೈಯಲ್ಲೇ ತೋರಿಸಿದರು. "ಉಣ್ಣಾಕ ಬಿಡವಲ್ಲಿ ನೀ," ಎಂದರು. ನಾನೂ ಅವರ ಬುತ್ತಿಯಿಂದ ಇನ್ನೊಂದು ರೊಟ್ಟಿ ಎತ್ತಿಕೊಂಡೆ.

ಐದನೇ ತಿಂಗಳಿಗೆ ನನಗೆ ಕೊಂಬು ಬಂದಿತ್ತು. ಅಂಚು ತಪ್ಪಿದ ಒಂದು ಸಾಲು ಕಂಡರೆ ಕೈ ತುರಿಸುತ್ತಿತ್ತು. ಅದೇ ಹೊತ್ತಿಗೆ ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಡಬ್ಬಿಯನ್ನು ಪರೀಕ್ಷೆಗೆ ಕೂಡಿಸುವುದೆಂದು ನಿಶ್ಚಯವಾಯಿತು. ಹದಿನೈದು ದಿನ ತಕರಾರಿಲ್ಲದೆ ನಡೆದರೆ ಸುತ್ತಲಿನ ಊರುಗಳಿಗೂ ಅದೇ ಡಬ್ಬಿ. ಇಲ್ಲದಿದ್ದರೆ ಕೋಡಿನ ಸಹವಾಸ ಬೇಡ, ಮತ್ತೆ ಸ್ಟಾರ್ಟರ್ ಮಾಡಿಕೊಂಡಿರುತ್ತೇನೆ ಎಂದು ಮಾಲಕರು ಹೇಳಿಬಿಟ್ಟಿದ್ದರು. ಹಾಗಾದರೆ ನನ್ನ ಮೇಜು ಕುರ್ಚಿಗೆ ಅಲ್ಲಿ ಜಾಗವಿರಲಿಲ್ಲ.

ಡಬ್ಬಿಗೆ ಕೋಡು ತುಂಬುವ ಹಿಂದಿನ ದಿನ ನಾನು ಕೊನೆಯ ಫೈಲು ಚೊಕ್ಕ ಮಾಡುತ್ತಿದ್ದೆ. ಅದರಲ್ಲಿ ಎರಡು ಸಾಲು. ಮೊದಲು ಟ್ಯಾಂಕಿನ ಲಾಕ್ ಹಿಡಿಯುವುದು, ಆಮೇಲೆ ಮೋಟಾರಿನ ಲಾಕ್ ಹಿಡಿಯುವುದು. ಲಾಕ್ ಅಂದರೆ ಬೀಗವೇ. ಒಬ್ಬರು ಒಂದು ವಸ್ತುವಿನ ಬೀಗ ಹಿಡಿದಿರುವಾಗ ಇನ್ನೊಬ್ಬರು ಅದನ್ನು ಮುಟ್ಟದೆ ಕಾಯಬೇಕು. ಆ ಫೈಲಿನಲ್ಲಿ ಉಳಿದೆಲ್ಲವನ್ನೂ ನಾನು ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಜೋಡಿಸಿದ್ದೆ. ಇವೆರಡು ಮಾತ್ರ ತಿರುಗಾಮುರುಗಾ ಇದ್ದವು. ಅಕ್ಷರಮಾಲೆಯಲ್ಲಿ ಮೋಟಾರು ಮೊದಲು, ಟ್ಯಾಂಕು ಆಮೇಲೆ. ಮೇಲೊಂದು ಕಮೆಂಟು ಇತ್ತು: 'ಇವನ್ನು ಅದಲುಬದಲು ಮಾಡಬೇಡಿ.' ಅಷ್ಟೇ. ಯಾಕೆ ಎಂದಿರಲಿಲ್ಲ. ಯಾರೋ ಹಳೆಯ ಕಾಲದ ಅಂಜುಬುರುಕರು ಬರೆದದ್ದು ಎಂದುಕೊಂಡು ಕಮೆಂಟು ಅಳಿಸಿದೆ, ಸಾಲು ಅದಲುಬದಲು ಮಾಡಿದೆ. ಫೈಲು ಎಷ್ಟು ಚಂದ ಕಂಡಿತೆಂದರೆ ಎರಡು ಸಲ ನೋಡಿದೆ. ಬದಲಾವಣೆಯ ಚೀಟಿಯಲ್ಲಿ, 'ಬರೀ ಸ್ವಚ್ಛತೆ, ಕೆಲಸ ಏನೂ ಬದಲಾಗಿಲ್ಲ' ಎಂದು ಬರೆದೆ.

ಅಕ್ಕೋರು ಅಂದು ಮಟಕಿಗೆ ಹೊರಟಿದ್ದರು, ತೊಗರಿ ರಾಶಿಗೆ. ಕೈಯಲ್ಲಿ ಚೀಲ, ಕಣ್ಣು ಗಡಿಯಾರದ ಮೇಲೆ. ನನ್ನ ಚೀಟಿ ಓದಿ, "ಬರೀ ಸ್ವಚ್ಛತಾ ಅಲ?" ಎಂದು ಕೇಳಿದರು. "ಹೌದ್ರಿ ಅಕ್ಕೋರೆ," ಎಂದೆ. ನಿಂತಲ್ಲೇ ಸರಿ ಎಂದು ಒತ್ತಿ, ಬಸ್ಸಿಗೆ ಓಡಿದರು. ನಾನು ಬಂದಮೇಲೆ ಅವರು ಗಂಟು ಬಿಚ್ಚದೆ ಸರಿ ಎಂದದ್ದು ಅದೊಂದೇ ಸಲ.

ನಾಲ್ಕನೇ ದಿನ ಬೆಳಿಗ್ಗೆ ಆ ಹಳ್ಳಿಯ ವಾಟರ್‌ಮನ್ ಫೋನು ಮಾಡಿದ. ಬಹಳ ಶಾಂತವಾಗಿ ಹೇಳಿದ: "ಮೇಡಂ, ನಿಮ್ಮ ಡಬ್ಬಿ ನಿಂತಾದ್ರಿ. ನೀರು ನಿಂತಿಲ್ಲ."

ಮೋಟಾರು ಚಾಲು ಇದ್ದಾಗ ಡಬ್ಬಿ ಮರಗಟ್ಟಿತ್ತು. ಟ್ಯಾಂಕು ತುಂಬಿ, ಉಕ್ಕಿ, ಕೆಳಗಿನ ಓಣಿಯಲ್ಲಿ ಮೊಣಕಾಲುದ್ದ ನೀರು. ಹೆಂಗಸರು ಜಮಖಾನೆಗಳನ್ನೆಲ್ಲ ಹೊರಗೆ ತಂದು ಒಗೆಯುತ್ತಿದ್ದರಂತೆ, ಎಮ್ಮೆಗಳು ರಸ್ತೆ ನಡುವೆ ಮಲಗಿ ಏಳಲೊಲ್ಲವಂತೆ. ವಾಟರ್‌ಮನ್ ಕೈಯಿಂದ ಮೋಟಾರು ಬಂದ್ ಮಾಡಿದ್ದ. ಅವನ ಮಾತು ಕೇಳುತ್ತಿದ್ದಂತೆ ನನಗೆ ಆ ಎರಡು ಸಾಲು ಕಣ್ಣಮುಂದೆ ಬಂದವು.

ಅಕ್ಕೋರು ಮಟಕಿಯಿಂದ ನೆಟ್ಟಗೆ ಬಂದರು, ಸೀರೆಗೆ ಇನ್ನೂ ತೊಗರಿ ಹೊಟ್ಟು ಅಂಟಿತ್ತು. ಮಾಲಕರು ನಡುಕೋಣೆಯಲ್ಲಿ ನಿಂತೇ ಇದ್ದರು. "ಏನು ಮುಟ್ಟೀದಿ?" ಎಂದು ನನ್ನನ್ನು ಕೇಳಿದರು. ನಾನು, "ಬರೀ ಸ್ವಚ್ಛ ಮಾಡೇನ್ರಿ ಸರ್, ಏನೂ ಬದಲ ಮಾಡಿಲ್ಲ," ಎಂದೆ. ಅದು ಸುಳ್ಳೆಂದು ಹೇಳುವಾಗಲೇ ನನಗೆ ಗೊತ್ತಿತ್ತು. ಯಾವ ಸಾಲನ್ನು ಯಾರು ಮುಟ್ಟಿದರೆಂದು ಯಂತ್ರ ಬರೆದಿಟ್ಟುಕೊಳ್ಳುತ್ತದೆ, ಎರಡು ನಿಮಿಷದಲ್ಲಿ ಹೊರಬೀಳುತ್ತದೆ ಎಂಬುದೂ ಗೊತ್ತಿತ್ತು. ಆದರೂ ಬಾಯಿಂದ ಅದೇ ಬಂತು. ಇವತ್ತಿಗೂ ನೆನೆದರೆ ಮೈಮೇಲೆ ಹುಳ ಹರಿದಂತಾಗುತ್ತದೆ.

ಅಕ್ಕೋರು ನನ್ನ ಮುಖ ನೋಡಲಿಲ್ಲ. ಹಾಳೆ ತರಿಸಿ, ಗಂಟು ಬಿಚ್ಚಿದರು. ಹೊಸ ಕಾಳುಗಳು. "ಓದು," ಎಂದರು. ಓದಿದೆ. ತೊಗರಿ ಮೋಟಾರಿನ ಲಾಕ್ ಹಿಡಿಯಿತು. "ತಡಿ." ಇನ್ನೊಂದು ಹಾಳೆಯಲ್ಲಿ ಜೋಳ ಟ್ಯಾಂಕಿನ ಲಾಕ್ ಹಿಡಿಯಿತು. ಈಗ ತೊಗರಿಗೆ ಟ್ಯಾಂಕು ಬೇಕು, ಜೋಳ ಬಿಡುವುದಿಲ್ಲ. ಜೋಳಕ್ಕೆ ಮೋಟಾರು ಬೇಕು, ತೊಗರಿ ಬಿಡುವುದಿಲ್ಲ. ಅಕ್ಕೋರು ಬೆರಳು ತೆಗೆದರು. ಎರಡು ಕಾಳೂ ಕೂತಲ್ಲೇ ಕೂತವು. ಮಾಲಕರಿಗೂ ಅರ್ಥವಾಯಿತು.

"ಸಾಲು ಅದಲುಬದಲು ಮಾಡಿದಾಕಿ ನಾನೇರಿ," ಎಂದೆ. "ಕಮೆಂಟಿನಾಗ ಬ್ಯಾಡ ಅಂತ ಇತ್ತು. ಅದನ್ನೂ ಅಳಿಸೇನಿ. ಈಗ ಸುಳ್ಳೂ ಹೇಳಿದೆ."

ಮಾಲಕರು, "ನಾಳಿಂದ..." ಎಂದು ಶುರುಮಾಡಿದರು. ಅವರು ಏನು ಹೇಳಲಿದ್ದರೆಂದು ನನಗೆ ಗೊತ್ತಿತ್ತು.

"ತಡಿಯೋ," ಎಂದರು ಅಕ್ಕೋರು, ಕಾಳಿಗೆ ಹೇಳುವ ಧ್ವನಿಯಲ್ಲೇ. "ಆ ಕಮೆಂಟ್ ಬರದಾಕಿ ನಾನು."

ಹಳೆಯ ಕೋಡನ್ನೆಲ್ಲ ಒಮ್ಮೆ ಹೊಸ ಯಂತ್ರಕ್ಕೆ ವರ್ಗಾಯಿಸಿದಾಗ ಯಾವುದನ್ನು ಯಾರು ಬರೆದರೆಂಬ ದಾಖಲೆ ಅಳಿಸಿಹೋಗಿತ್ತು. ಆ ಕಮೆಂಟು ಯಾರದೆಂದು ಯಾವ ದೇವರಿಗೂ ಹೇಳಲಾಗುತ್ತಿರಲಿಲ್ಲ. ಅವರು ಸುಮ್ಮನಿದ್ದಿದ್ದರೆ ಸಾಕಿತ್ತು, ತಪ್ಪು ಪೂರಾ ನನ್ನದೇ ಆಗುತ್ತಿತ್ತು.

"ಆವತ್ತು ಬಸ್ಸಿಗೆ ಹೊತ್ತಾಗಿತ್ತು. ಬ್ಯಾಡ ಅಂತ ಬರದೆ, ಯಾಕ ಬ್ಯಾಡ ಅಂತ ಬರೀಲಿಲ್ಲ. ಊರ ಮಂದಿಗೆಲ್ಲ ಕಾರಣ ಬರೀರಿ ಅಂತ ಹೇಳ್ಕೋತ ತಿರುಗೇನಿ, ನಂದೇ ಕಾರಣ ಇಲ್ಲ. ಮೊನ್ನೆನೂ ಬಸ್ಸಿಗೆ ಹೊತ್ತಾಗಿತ್ತು. ಕಾಳು ಇಡಲಾರದ ಸರಿ ಅಂದೆ. ಎರಡು ತಪ್ಪು ನನ್ನವು. ಈಕೀದೂ ಎರಡು. ಒಂದು ಸಾಲು ತಿರುವಿದ್ದು, ಒಂದು ಸುಳ್ಳು ಹೇಳಿದ್ದು. ಸುಳ್ಳನ್ನ ಈಕೀನೇ ಒಪ್ಪಿಕೊಂಡಾಳ. ಬಿಡಿಸೋದಿದ್ರ ಇಬ್ಬರನ್ನೂ ಬಿಡಿಸು."

ಮಾಲಕರು ಹಾಳೆಯ ಮೇಲಿನ ಎರಡೂ ಕಾಳುಗಳನ್ನು ಎತ್ತಿ ಅಕ್ಕೋರ ಅಂಗೈಯಲ್ಲಿಟ್ಟರು. ಆಮೇಲೆ, "ಮೊದಲ ಡಬ್ಬಿ ಚಾಲು ಮಾಡಿ ಬರ್ರಿ," ಎಂದು ಹೇಳಿ ಒಳಗೆ ಹೋದರು. ನಾನು ಅತ್ತೆ. ಅಕ್ಕೋರು, "ಅಳೋದು ಆಮ್ಯಾಲ ಬೇ. ಎಮ್ಮಿ ರಸ್ತೇದಾಗ ಮಲಗ್ಯಾವ," ಎಂದರು.

ಜೇವರ್ಗಿಯ ಆ ಹಳ್ಳಿಗೆ ಇಬ್ಬರೂ ಹೋದೆವು. ನಾನು ಸಾಲುಗಳನ್ನು ಮೊದಲಿದ್ದಂತೆ ಮಾಡಿ ಡಬ್ಬಿಗೆ ಹಾಕಿದೆ. ಅಷ್ಟರಲ್ಲಿ ಓಣಿಯ ಹೆಂಗಸರು ಟ್ಯಾಂಕಿನ ಕಟ್ಟೆಯ ಸುತ್ತ ಕೂಡಿದ್ದರು. ಒಗೆಯುವುದು ಮುಗಿದಿತ್ತು, ಈಗ ಕೆಸರಿನ ಸಿಟ್ಟು ಶುರುವಾಗಿತ್ತು. ಒಬ್ಬ ಮುದುಕಿ, "ಡಬ್ಬಿಗೆ ಏನಾಗಿತ್ತಬೇ?" ಎಂದು ನನ್ನನ್ನು ಗದರಿದಳು. ನಾನು ಲಾಕ್, ಟಾಸ್ಕ್ ಎಂದು ತೊದಲಿದೆ. ಅಕ್ಕೋರು ಕಟ್ಟೆಯ ಮೇಲೆ ಕುಳಿತರು.

"ನೋಡಬೇ, ನಮ್ಮ ಮಟಕಿ ಮನ್ಯಾಗ ನಾನು ಹೊಸದಾಗಿ ಹೋದಾಗ ಒಂದೇ ಹಂಚು, ಹಿಟ್ಟು ನಾದಾಕ ಒಂದೇ ಪರಾತ. ರೊಟ್ಟಿ ಬಡೀಬೇಕಂದ್ರ ಎರಡೂ ಬೇಕು. ಒಂದಿನ ನಮ್ಮ ನೆಗೆಣ್ಣಿ ಹಂಚು ಹಿಡಕೊಂಡು ಕುಂತಳು, ನಾನು ಪರಾತ ಹಿಡಕೊಂಡು ಕುಂತೆ. ಆಕಿ ಕೊಡಲಿ ಅಂತ ನಾ, ನಾ ಕೊಡಲಿ ಅಂತ ಆಕಿ. ಬಾಯಿ ಬಿಟ್ಟು ಯಾರೂ ಕೇಳಂಗಿಲ್ಲ. ಹೊಲಕ್ಕ ಬುತ್ತಿ ಹೋಗಲಿಲ್ಲ, ಮನಿ ಮಂದಿ ಎಲ್ಲ ಉಪವಾಸ. ಡಬ್ಬಿಯೊಳಗ ಅದೇ ಆಗ್ಯಾದ."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಮುದುಕಿ ನಗಲಿಲ್ಲ, ಯೋಚಿಸಿದಳು. "ಅದಕ್ಕೇನ ಮಹಾ ಅದಬೇ? ಯಾರೇ ಬರ್ಲಿ, ಮೊದಲ ಪರಾತ ಹಿಡೀಬೇಕು, ಆಮ್ಯಾಲ ಹಂಚು ಅಂತ ಅತ್ತಿ ಹೇಳಿಬಿಡಬೇಕು. ಪರಾತ ಸಿಗಲಾರದಾಕಿ ಹಂಚಿನ ಸನೇಕ ಹೋಗಂಗಿಲ್ಲ. ಮುಗೀತು."

ಅಕ್ಕೋರು ನನ್ನ ಕಡೆ ತಿರುಗಿ ಕಣ್ಣರಳಿಸಿದರು. ನಾಲ್ಕು ವರ್ಷ ಕಾಲೇಜಿನಲ್ಲಿ ನನಗೆ ಹೇಳಿಕೊಟ್ಟ ಪರಿಹಾರ ಅದೇ. ಎಲ್ಲ ಕೆಲಸಗಳೂ ಲಾಕುಗಳನ್ನು ಒಂದೇ ಕ್ರಮದಲ್ಲಿ ಹಿಡಿದರೆ ಯಾವುದೂ ಸಿಕ್ಕಿಬೀಳುವುದಿಲ್ಲ. ನಾನು ಅದನ್ನು ಪರೀಕ್ಷೆಯಲ್ಲಿ ಬರೆದು ಪೂರಾ ಅಂಕ ತೆಗೆದಿದ್ದೆ. ಆದರೂ ಅಕ್ಷರಮಾಲೆ ಚಂದ ಕಂಡಿತ್ತು. ಮುದುಕಿ ನಮ್ಮಿಬ್ಬರನ್ನೂ ಮನೆಗೆ ಕರೆದು ಚಹಾ ಕೊಟ್ಟಳು, ಕೆಸರಿನ ಬಗ್ಗೆ ಮತ್ತೊಮ್ಮೆ ಬೈದಳು.

ವಾಪಸು ಬಂದ ದಿನವೇ ಅಕ್ಕೋರು ಆ ಎರಡು ಸಾಲಿನ ಮೇಲೆ ಕಮೆಂಟನ್ನು ಹೊಸದಾಗಿ ಬರೆದರು. ಮೊದಲಿದ್ದದ್ದು ಒಂದು ವಾಕ್ಯ, ಈಗ ಆರು ಸಾಲು. ಎಲ್ಲೆಲ್ಲಿಯೂ ಮೊದಲು ಟ್ಯಾಂಕು, ಆಮೇಲೆ ಮೋಟಾರು. ಯಾಕೆಂದರೆ ಇನ್ನೊಂದು ಫೈಲು ಇದೇ ಕ್ರಮದಲ್ಲಿ ಹಿಡಿಯುತ್ತದೆ. ತಿರುವಿದರೆ ಎರಡೂ ಒಂದಕ್ಕೊಂದು ಕಾಯುತ್ತ ನಿಲ್ಲುತ್ತವೆ, ಮೋಟಾರು ಚಾಲೂ ಉಳಿದುಬಿಡಬಹುದು. ಹಿಂದೊಮ್ಮೆ ತಿರುವಲಾಗಿತ್ತು, ಒಂದು ಓಣಿ ನೀರಿನಲ್ಲಿ ನಿಂತಿತ್ತು. ತಿರುವಿದವಳು ನಾನು ಎಂದು ಅಲ್ಲಿಲ್ಲ. ಕಾರಣ ಬರೆಯದೆ ಬಿಟ್ಟವರು ತಾವು ಎಂದೂ ಇಲ್ಲ.

ಇನ್ನೊಂದು ಸಲ ನೋಡೋಣ ಎಂದರು ಮಾಲಕರು. ಎಣಿಕೆ ಮತ್ತೆ ಒಂದರಿಂದ ಶುರುವಾಗಿ ಹದಿನೈದು ದಿನ ಮುಗಿಯಿತು, ಡಬ್ಬಿ ನಿಲ್ಲಲಿಲ್ಲ. ಆರು ತಿಂಗಳು ತುಂಬಿದ ದಿನ ಮಾಲಕರು ನನ್ನ ಮೇಜಿನ ಹತ್ತಿರ ಬಂದು, "ಇರು," ಎಂದಷ್ಟೇ ಹೇಳಿ ಹೋದರು. ಅಕ್ಕೋರು ಆ ದಿನ ಗಾಣಗಾಪುರದ ಪೇಡೆ ತಂದಿದ್ದರು. ಸುತ್ತಿದ್ದು ನನ್ನ ಆ ಅಕ್ಷರಮಾಲೆಯ ಹಾಳೆಯಲ್ಲೇ. ಬೇಕೆಂದೇ ಸುತ್ತಿ ತಂದಿದ್ದರು.

ಆಮೇಲೆ ಏಳು ವರ್ಷ ಅವರ ಜೊತೆ ಕೆಲಸ ಮಾಡಿದೆ. ಅವರ ಕಣ್ಣಿಗೆ ಪೊರೆ ಬಂದಮೇಲೆ ಬಸ್ಸಿನ ಓಡಾಟ ನಿಂತಿತು, ಪರೀಕ್ಷೆ ನಿಲ್ಲಲಿಲ್ಲ. ನಾನು ಫೋನಿನಲ್ಲಿ ಓದುತ್ತಿದ್ದೆ, ಅವರು ಗಾಣಗಾಪುರದ ಮನೆಯಲ್ಲಿ ಬರೀ ಮೇಜಿನ ಮೇಲೆ ಕಾಳು ಸರಿಸುತ್ತಿದ್ದರು. ಹಿನ್ನೆಲೆಯಲ್ಲಿ ಮಧ್ಯಾಹ್ನದ ಭಿಕ್ಷೆಗೆ ಬಂದವರ ಕೂಗು ಕೇಳುತ್ತಿತ್ತು. "ತಡಿ, ರೊಟ್ಟಿ ಹಾಕಿ ಬರ್ತೇನಿ. ತೊಗರಿ ಎಂಟನೇ ಸಾಲಿನಾಗ ಅದ, ನೆನಪಿಡು," ಎಂದು ಎದ್ದು ಹೋಗುವರು. ತಿರುಗಿ ಬಂದಾಗ ನಾನು ಮರೆತಿದ್ದರೆ ಬೈಗಳು.

ಹೋದ ವರ್ಷ ರಾಶಿಗೆಂದು ಮಟಕಿಗೆ ಹೋದವರು ಅಲ್ಲೇ ಮಲಗಿದರು. ಮೂರು ದಿನ ಜ್ವರ, ನಾಲ್ಕನೇ ದಿನ ಬೆಳಗಿನಲ್ಲಿ ಹೋದರು. ನಾನೂ ಮಾಲಕರೂ ಅಲ್ಲಿಗೆ ತಲುಪುವಷ್ಟರಲ್ಲಿ ಅಂಗಳ ತುಂಬ ಜನ. ಒಳಗಿಂದ ಮುದುಕಿಯೊಬ್ಬರು ಬಂದು ನನ್ನ ಕೈ ಹಿಡಿದರು. ಹಂಚಿನ ನೆಗೆಣ್ಣಿ ಅವರೇ.

"ನೀನೇನು ಆಕೀ ಹಿರೋಳ್ಳಿ ಹುಡುಗಿ?" ಎಂದು ಕೇಳಿದರು. ಹೌದೆಂದೆ. "ಊರ ತುಂಬ ಹಂಚಿನ ಕಥಿ ಹೇಳ್ಯಾಳ. ಖರೇ ಕೇಳು, ಆವತ್ತು ಹಂಚು ಹಿಡಕೊಂಡು ಕುಂತಾಕಿ ಆಕೀನೇ. ನನ್ನ ಕೈಯಾಗ ಪರಾತ ಇತ್ತು." ಅಳುತ್ತಲೇ ನಕ್ಕರು. ನನಗೂ ಅಳುವಿನ ನಡುವೆ ನಗು ಬಂತು. ಆಮೇಲೆ ಅವರು ತಮ್ಮ ಮುಷ್ಟಿ ಬಿಚ್ಚಿದರು. "ಮೈ ತೊಳೆಯೋವಾಗ ಸೆರಗಿನ ಗಂಟು ಬಿಚ್ಚಿದ್ವಿ. ಇವು ನಿನಗ." ಆ ವರ್ಷದ ರಾಶಿಯ ಹೊಸ ಕಾಳುಗಳು. ಒಂದು ತೊಗರಿ, ಒಂದು ಜೋಳ. ನಾನು ಸೀರೆ ಉಟ್ಟಿರಲಿಲ್ಲ. ಓಢಣಿಯ ತುದಿಗೆ ಕಟ್ಟಿಕೊಂಡೆ.

ಮರುದಿನ ಕಚೇರಿಗೆ ಬಂದು ಆ ಫೈಲು ತೆರೆದೆ. ಆರು ಸಾಲಿನ ಕಮೆಂಟು ಹಾಗೇ ಇತ್ತು. ಅದರ ಕೆಳಗೆ ಏಳನೆಯ ಸಾಲಾಗಿ ಅವರ ಹೆಸರು ಬರೆದೆ. ಬರೆದು ಬಹಳ ಹೊತ್ತು ನೋಡಿದೆ. ಎಷ್ಟೋ ಹಳ್ಳಿಗಳ ಟ್ಯಾಂಕುಗಳು ಅವರ ದೆಸೆಯಿಂದ ಸರಿಯಾಗಿ ತುಂಬಿ ಸರಿಯಾಗಿ ನಿಲ್ಲುತ್ತಿವೆ. ನನ್ನ ಈ ಕುರ್ಚಿ ಅವರು ಒಂದು ದಿನ ಬಾಯಿಬಿಟ್ಟದ್ದರಿಂದ ಉಳಿದದ್ದು. ಎಲ್ಲೋ ಒಂದು ಕಡೆ ಅವರ ಹೆಸರು ಇರಲಿ ಎನ್ನಿಸಿತ್ತು. ಆದರೆ ಅವರು ಪೆನ್ಸಿಲು ಹಿಡಿದು ನನ್ನ ಹಿಂದೆ ನಿಂತಿದ್ದರೆ ಏನು ಮಾಡುತ್ತಿದ್ದರೆಂದು ನನಗೆ ಗೊತ್ತು. ನಾನೇ ಅಳಿಸಿದೆ.

ಇದನ್ನು ಬರೆಯುವಾಗಲೂ ಅವರ ಹೆಸರು ಎರಡು ಸಲ ಬೆರಳ ತುದಿಗೆ ಬಂತು. ಬರೆಯಲಿಲ್ಲ. ಯಾಕೆ ಅವರು ಬೇಕಾಗಿದ್ದರು ಅನ್ನುವುದನ್ನಷ್ಟೇ ಬರೆದಿದ್ದೇನೆ.